ಹೊಸ ಸ್ಥಾವರ ಬೇಕೆಂದು ಯಾರು ಲೆಕ್ಕ ಹಾಕುತ್ತಾರೆ?

ಪ್ರಶ್ನೆ: ಮೊದಲು ವಿದ್ಯುತ್ ಮಂಡಳಿಯೇ ಮುಂದಿನ ಹತ್ತು ವರ್ಷದ ಬೇಡಿಕೆ ಅಂದಾಜಿಸಿ ಸ್ಥಾವರ ಕಟ್ಟಿಸುತ್ತಿತ್ತು. ಉತ್ಪಾದನೆಯನ್ನು ಸ್ಪರ್ಧೆಗೆ ಬಿಟ್ಟ ಕಡೆ ಆ ಲೆಕ್ಕ ಯಾರದು? ಎಲ್ಲ ಕಂಪನಿಗಳೂ ಸುಮ್ಮನೆ ಕೂತರೆ ಕರೆಂಟ್ ಎಲ್ಲಿಂದ ಬರುತ್ತದೆ?

ಉತ್ತರ: ಲೆಕ್ಕ ಈಗಲೂ ಹಾಕುತ್ತಾರೆ, ಆದರೆ ಹತ್ತು ಕಂಪನಿಗಳು ಹತ್ತು ಥರ. ಮಂಡಳಿಗೆ ‘ಬೇಡಿಕೆ ಎಷ್ಟಾದೀತು’ ಎಂಬ ಚಿಂತೆ ಇತ್ತು. ಹೂಡಿಕೆದಾರನಿಗೆ ‘ಹಾಕಿದ ದುಡ್ಡು ಯಾವ ಗಂಟೆಗಳಲ್ಲಿ ಹುಟ್ಟುತ್ತದೆ’ ಎಂಬ ಚಿಂತೆ.

ವರ್ಷಕ್ಕೆ 8,760 ಗಂಟೆ. ಬೇಡಿಕೆ ತುತ್ತತುದಿಗೇರಿದಾಗ ಮಾತ್ರ ಓಡುವ ಗ್ಯಾಸ್ ಟರ್ಬೈನ್ ಒಂದಕ್ಕೆ ಅದರಲ್ಲಿ 40 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಸಾಲದ ಕಂತು, ಸಂಬಳ ಎಲ್ಲ ಸೇರಿ ಮೆಗಾವ್ಯಾಟ್ ಒಂದಕ್ಕೆ ವರ್ಷಕ್ಕೆ 80,000 ಡಾಲರ್ ಬೇಕು. ಅಂದರೆ ಇಂಧನದ ಖರ್ಚು ಕಳೆದು ಪ್ರತಿ ಮೆಗಾವ್ಯಾಟ್-ಗಂಟೆಗೆ 2,000 ಡಾಲರ್ ಉಳಿಯಲೇಬೇಕು. ನಿಯಂತ್ರಕರು ಬೆಲೆಗೆ 1,000 ಡಾಲರ್ ಮಿತಿ ಹಾಕಿದ್ದರೆ? ಗ್ರಿಡ್‌ಗೆ ಆ ಸ್ಥಾವರ ಬೇಕು, ಬ್ಯಾಂಕಿಗೆ ಬೇಡ.

ಟೆಕ್ಸಾಸ್ ಮಿತಿಯನ್ನು 9,000 ಡಾಲರ್‌ಗೆ ಏರಿಸಿ, ಆ ಬೆಲೆಯ ಆಸೆಗೇ ಸ್ಥಾವರಗಳು ಬರಲಿ ಎಂದು ಬಿಟ್ಟಿತ್ತು. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಬೆಲೆ ದಿನಗಟ್ಟಲೆ ಅಲ್ಲೇ ನಿಂತಿತು, ಆದರೆ ಹೆಪ್ಪುಗಟ್ಟಿದ ಯಂತ್ರಕ್ಕೆ ಬೆಲೆ ಕಟ್ಟಿ ಏನು ಫಲ? ಆಮೇಲೆ ಮಿತಿ 5,000ಕ್ಕಿಳಿಯಿತು.

ಬ್ರಿಟನ್ ಹಿಡಿದದ್ದು ಬೇರೆ ದಾರಿ. ಅಲ್ಲಿ ವಿದ್ಯುತ್ತಿಗಷ್ಟೇ ಅಲ್ಲ, ಕರೆದಾಗ ಸಿದ್ಧವಾಗಿರುವುದಕ್ಕೂ ಹಣ ಸಿಗುತ್ತದೆ. ಆ ಹಣ ಎಷ್ಟೆಂಬುದು ಹರಾಜಿನಲ್ಲಿ ತೀರ್ಮಾನವಾಗುತ್ತದೆ; 2014ರ ಮೊದಲ ಹರಾಜಿನಲ್ಲಿ ಕಿಲೋವ್ಯಾಟ್‌ಗೆ ವರ್ಷಕ್ಕೆ 19.40 ಪೌಂಡ್ ನಿಗದಿಯಾಯಿತು. ಆದರೆ ಎಷ್ಟು ಸಾಮರ್ಥ್ಯ ಕೊಳ್ಳಬೇಕೆಂದು ಹೇಳುವವರು ಸರ್ಕಾರದವರೇ! ಹಳೆಯ ಮಂಡಳಿ ಹಿತ್ತಿಲ ಬಾಗಿಲಿಂದ ಒಳಬಂದಂತೆ ಎಂದು ನನಗನ್ನಿಸುತ್ತದೆ. ಈ ಹರಾಜಿನ ಬೆಲೆಯೂ ಸ್ಥಿರವಲ್ಲ: ಅಮೆರಿಕದ ಪೂರ್ವಭಾಗದ ಪಿಜೆಎಂ ಗ್ರಿಡ್‌ನಲ್ಲಿ 2024ರ ಹರಾಜು ಒಂದೇ ಜಿಗಿತಕ್ಕೆ ಮೆಗಾವ್ಯಾಟ್-ದಿನಕ್ಕೆ 28.92 ಡಾಲರ್‌ನಿಂದ 269.92ಕ್ಕೆ ಹೋಯಿತು.

ಇನ್ನು ‘ಎಲ್ಲರೂ ಸುಮ್ಮನೆ ಕೂತರೆ’ ಎಂಬ ಭಯ. ಎಲ್ಲರೂ ಒಟ್ಟಿಗೇ ಎದ್ದರೂ ಕಷ್ಟವೇ. ಬೆಲೆ ಏರಿತೆಂದು ಎಲ್ಲರೂ ಕಟ್ಟಲು ಹೊರಡುತ್ತಾರೆ, ಮೂರು ವರ್ಷದ ನಂತರ ಸ್ಥಾವರಗಳು ಸಾಲಾಗಿ ಸಿದ್ಧವಾಗುತ್ತವೆ, ಬೆಲೆ ಕುಸಿಯುತ್ತದೆ. 2000ದ ಆಸುಪಾಸಿನಲ್ಲಿ ಅಮೆರಿಕದ ಗ್ಯಾಸ್ ಸ್ಥಾವರಗಳಿಗೆ ಆದದ್ದು ಇದೇ. ಕಟ್ಟಿದ ಕೆಲವು ಕಂಪನಿಗಳು ದಿವಾಳಿಯಾದವು.

ಹೊಸ ಯೋಜನೆಯ ವರದಿ ಕೈಗೆ ಬಂದರೆ ನಾನು ಬೇಡಿಕೆಯ ನಕ್ಷೆಗಳನ್ನು ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು, ಅದರ ವಿದ್ಯುತ್ ಕೊಳ್ಳಲು ಯಾರು, ಎಷ್ಟು ವರ್ಷಕ್ಕೆ ಸಹಿ ಹಾಕಿದ್ದಾರೆ ಎಂಬ ಪುಟವನ್ನು.