ಬಿಸಿಲಿಗೆ ಉರಿಯುವ ಮುಖಕ್ಕೆ ಕ್ಲೋಬೆಟಾಸಾಲ್ ಮುಲಾಮು ಹಚ್ಚಬಹುದಾ?

ಮುಖಕ್ಕೆ ದಯವಿಟ್ಟು ಹಚ್ಚಬೇಡಿ.

ಗದಗ ಹತ್ತಿರದ ಹೊಲದಲ್ಲಿ ಇಡೀ ದಿನ ಶೇಂಗಾ ಕಿತ್ತು ಬಂದ ನಿಮ್ಮ ಅಣ್ಣನಿಗೆ ಮುಖ, ಕುತ್ತಿಗೆ, ಮುಂಗೈ ಉರಿ, ಮೆಡಿಕಲ್ ಶಾಪಿನವರು ಈ ಟ್ಯೂಬ್ ಕೊಟ್ಟರು ಅಂತ ಬರೆದಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಫಾರ್ಮಾಸಿಸ್ಟ್. ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಇದು ತುಂಬಾ ಜೋರಿನದು. ವಾರಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಕೆಂಪು ನರ ಕಾಣುತ್ತವೆ. ಬಿಟ್ಟರೆ ಉರಿ ಇನ್ನೂ ಜೋರಾಗಿ ಮರಳುತ್ತದೆ, ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಇದಕ್ಕೇ 2018ರಲ್ಲಿ ಸರ್ಕಾರ ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಬಿಗಿ ಮಾಡಿತು. ಚೀಟಿ ಕೇಳದೆ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬರೀ ಬಿಸಿಲಿನ ಸುಡುವಿಕೆಯಾದರೆ ಸ್ಟೀರಾಯ್ಡಿನಿಂದ ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಉರಿ ಶುರುವಾಗುವಷ್ಟರಲ್ಲಿ ನೇರಳಾತೀತ ಕಿರಣ ಚರ್ಮದ ಕೋಶಗಳನ್ನು ಕೆಡಿಸಿ ಆಗಿರುತ್ತದೆ. ಬಿಸಿಲಿನಿಂದ ಬಂದ ಕೆಲವು ಗಂಟೆಗೆ ಉರಿ ಏಳುತ್ತದೆ, 12ರಿಂದ 24 ಗಂಟೆಯೊಳಗೆ ಜೋರಾಗುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ನಮ್ಮ ಕಪ್ಪು ಮೈಬಣ್ಣಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಮುಟ್ಟಿದರೆ ಬಿಸಿ, ನೋವು ಇರುತ್ತದೆ. ತಣ್ಣೀರಿನ ಒದ್ದೆ ಬಟ್ಟೆ ಹಾಕಿ, ಆಮೇಲೆ ಕ್ಯಾಲಮೈನ್ ಲೋಷನ್. ಐಸ್ ಬೇಡ. ನೀರು ಜಾಸ್ತಿ ಕುಡಿಯಲಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮನೆಯಲ್ಲಿರುವ ಮೈಕೈ ನೋವಿನ ಜೆಲ್ ಹಚ್ಚಬೇಡಿ, ಅವುಗಳಲ್ಲಿ ಕೆಲವು ಬಿಸಿಲು ತಾಗಿದಾಗ ತಾವೇ ಅಲರ್ಜಿ ಎಬ್ಬಿಸುತ್ತವೆ. ಗುಳ್ಳೆ ಒಡೆಯಬೇಡಿ.

ಆದರೆ ನೀವು 'ಪ್ರತಿ ವರ್ಷ ಹೀಗೇ, ತುರಿಕೆಯೂ ಇದೆ' ಅಂದಿದ್ದೀರಿ. ಅಲ್ಲೇ ನನಗೆ ಅನುಮಾನ. ಬದುವಿನ ತುಂಬ ಕಾಂಗ್ರೆಸ್ ಕಸ (ಪಾರ್ಥೇನಿಯಂ ಕಳೆ) ಇದೆಯಾ? ಅದರ ಪುಡಿ ಗಾಳಿಯಲ್ಲಿ ಹಾರಿ ಮೈಗೆ ಕೂತರೂ ಅಲರ್ಜಿ ಬರುತ್ತದೆ, ನೋಡುವುದಕ್ಕೆ ಥೇಟ್ ಬಿಸಿಲಿನ ಹಾಗೆ. ಅಣ್ಣನನ್ನು ಬೆಳಕಿನಲ್ಲಿ ಕೂರಿಸಿ ಕಿವಿಯ ಹಿಂದೆ, ಗದ್ದದ ಕೆಳಗೆ, ಕಣ್ಣಿನ ರೆಪ್ಪೆ, ಮೊಣಕೈ ಒಳಮಡಿಕೆ ನೋಡಿ. ನೇರ ಬಿಸಿಲು ಬೀಳದ ಈ ಜಾಗಗಳೂ ತುರಿಸಿ ದಪ್ಪಗಾಗಿದ್ದರೆ ಕಸದ ಕಡೆಗೇ ಬೆರಳು ತೋರಿಸಬೇಕು. ಬಿಸಿಲಿನ ಅಲರ್ಜಿಯೂ ಇರಬಹುದು, ಅದರಲ್ಲಿ ಈ ಜಾಗಗಳಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಇವೆರಡಕ್ಕೂ ಸ್ಟೀರಾಯ್ಡ್ ಕೆಲಸ ಮಾಡುತ್ತದೆ. ಆದರೆ ಮುಖಕ್ಕೆ ಯಾವುದು, ಎಷ್ಟು ದಿನ ಅನ್ನುವುದನ್ನು ಚರ್ಮದ ಡಾಕ್ಟರೇ ಹೇಳಬೇಕು.

ಗದಗದ ಜಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಟ್ಯೂಬ್ ಜೊತೆಗಿರಲಿ. ಬೇರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತೋರಿಸಿ. ಜ್ವರ, ವಾಂತಿ, ದೊಡ್ಡ ಗುಳ್ಳೆ ಕಂಡರೆ ಮಾತ್ರ ನಾಳೆವರೆಗೆ ಕಾಯಬೇಡಿ.