ಮೂರು ಮತ್ತು ನಾಲ್ಕನೇ ತರಗತಿಗೆ ಇಡೀ ವರ್ಷದ ವಿಜ್ಞಾನ ಪಾಠಗಳನ್ನು ಹೇಗೆ ಜೋಡಿಸಿಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಚನ್ನಪಟ್ಟಣದ ಕಡೆ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ, ಮೂರು ಮತ್ತು ನಾಲ್ಕನೇ ತರಗತಿ ಒಂದೇ ಕೋಣೆಯಲ್ಲಿ, ಲ್ಯಾಬ್ ಇಲ್ಲ. ಪರಿಸರ ಅಧ್ಯಯನದೊಳಗಿನ ವಿಜ್ಞಾನವನ್ನು ಮಾಡಿ ನೋಡಿಸಿಯೇ ಕಲಿಸಬೇಕೆಂಬ ಆಸೆ. ಪುಸ್ತಕದ ಕ್ರಮದಲ್ಲೇ ಹೋಗಬೇಕೇ, ಇಲ್ಲವೇ ಬೇರೆ ದಾರಿ ಇದೆಯೇ?

ಬೇರೆ ದಾರಿ ಇದೆ. ಪಾಠಗಳನ್ನು ಹಂಚುವ ಮೊದಲು, ಹೊರಗೆ ಯಾವುದು ಯಾವಾಗ ಆಗುತ್ತದೆ ಅನ್ನುವುದನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಿ. ಅಯಸ್ಕಾಂತದ ಪಾಠವನ್ನು ಯಾವ ವಾರ ಮಾಡಿದರೂ ನಡೆಯುತ್ತದೆ. ಮಳೆ, ನೆರಳು, ಹುಳು, ಚಂದ್ರ ಹಾಗಲ್ಲ.

ಅದಕ್ಕೂ ಮೊದಲು ಕೈಗೆ ಸಿಗುವ ವಾರಗಳನ್ನು ಪ್ರಾಮಾಣಿಕವಾಗಿ ಎಣಿಸಿ. ಜೂನ್‌ನಿಂದ ದಸರಾ ರಜೆಯವರೆಗೆ ಹೆಚ್ಚುಕಡಿಮೆ 18 ವಾರ. ಸೇತುಬಂಧಕ್ಕೆ (ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಪಾಠಗಳಿಗೆ) ಎರಡು ವಾರ, ಎಫ್‌ಎ (ನಡುನಡುವಿನ), ಎಸ್‌ಎ (ಅರ್ಧವರ್ಷದ ಕೊನೆಯ) ಪರೀಕ್ಷೆಗಳಿಗೆ ಎರಡು, ಪ್ರತಿಭಾ ಕಾರಂಜಿ, ಆಟೋಟ, ತರಬೇತಿ ಎಂದು ಇನ್ನೆರಡು ಮೂರು ಹೋದರೆ ಉಳಿಯುವುದು 11–12. ಎರಡನೇ ಅರ್ಧದಲ್ಲಿ 14 ಸಿಕ್ಕರೆ ಪುಣ್ಯ. ಒಟ್ಟು 26 ವಾರ ಎಂದಿಟ್ಟುಕೊಳ್ಳಿ. 36 ವಾರಕ್ಕೆ ಯೋಜನೆ ಬರೆದವರು ಜನವರಿ ಹೊತ್ತಿಗೆ ದಿನಕ್ಕೊಂದು ಪಾಠ ಓಡಿಸುತ್ತಿರುತ್ತಾರೆ.

ಆಮೇಲೆ ಪುಸ್ತಕದ ಪರಿವಿಡಿ ತೆಗೆದು ಒಂದೊಂದು ಪಾಠವನ್ನೂ ಒಂದೊಂದು ಚೀಟಿಯ ಮೇಲೆ ಬರೆಯಿರಿ. ಕಾಲಕ್ಕೆ ಕಟ್ಟುಬಿದ್ದ ಪಾಠಕ್ಕೆ ಕೆಂಪು ಚುಕ್ಕೆ ಇಡಿ, ಎಲ್ಲಿ ಬೇಕಾದರೂ ಕೂರುವ ಪಾಠವನ್ನು ಹಾಗೇ ಬಿಡಿ. ಇಲ್ಲಿ ಒಂದು ತೊಡಕಿದೆ. ಎಸ್‌ಎ-1ಕ್ಕೆ ಮೊದಲ ಅರ್ಧದ ಪಾಠಗಳು ಮುಗಿದಿರಲೇಬೇಕು, ಸಿಆರ್‌ಪಿ (ಶಾಲೆಗಳನ್ನು ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ವಾರ್ಷಿಕ ಪಾಠ ಹಂಚಿಕೆಯ ಪ್ರಕಾರ ನಡೆದಿದೆಯೇ ಎಂದು ನೋಡುತ್ತಾರೆ. ಹಾಗಾಗಿ ಪಾಠವನ್ನು ದಸರೆಯ ಆಚೆಗೆ ಈಚೆಗೆ ದಾಟಿಸಲು ಹೋಗಬೇಡಿ. ಒಂದು ಅರ್ಧದೊಳಗೆ ಮಾತ್ರ ಹಿಂದೆಮುಂದೆ ಮಾಡಿ. ಪಾಠ ಡಿಸೆಂಬರ್‌ನಲ್ಲಿದ್ದು ಅದರ ವಿದ್ಯಮಾನ ಜುಲೈನಲ್ಲಿ ನಡೆಯುವಂತಿದ್ದರೆ, ವೀಕ್ಷಣೆಯನ್ನು ಜುಲೈನಲ್ಲೇ ಮಾಡಿಸಿ ಗೋಡೆಗೆ ಅಂಟಿಸಿಡಿ. ಡಿಸೆಂಬರ್‌ನಲ್ಲಿ ಪಾಠ ಬಂದಾಗ ಆ ಹಾಳೆಯಿಂದಲೇ ಶುರು ಮಾಡಬಹುದು.

ವರ್ಷವಿಡೀ ಓಡುವ ಎರಡು ಕೆಲಸ ಸಾಕು: ಮಳೆ ಅಳೆಯುವುದು, ನೆರಳು ಅಳೆಯುವುದು. ಮೂರನೆಯದನ್ನು ಸೇರಿಸಿದರೆ ಯಾವುದೋ ಒಂದು ಆಗಸ್ಟ್‌ನಲ್ಲೇ ನಿಂತುಹೋಗುತ್ತದೆ.

ಮಳೆ ಅಳೆಯಲು ಪಕ್ಕ ನೇರವಾಗಿರುವ ಒಂದು ಲೀಟರ್ ಬಾಟಲಿ ತಗೊಳ್ಳಿ. ಕತ್ತಿನ ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ತಳದಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಒಂದು ಹಿಡಿ ಕಲ್ಲು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಗೆರೆ ಎಳೆಯಿರಿ. ಅದೇ ಸೊನ್ನೆ. ಕಲ್ಲಿನ ಭಾರಕ್ಕೆ ಗಾಳಿಗೂ ಬೀಳುವುದಿಲ್ಲ. ಅಳತೆಪಟ್ಟಿಯ ತುದಿಯಲ್ಲಿ ಸೊನ್ನೆಗಿಂತ ಮೊದಲು ಒಂದಿಷ್ಟು ಖಾಲಿ ಜಾಗ ಇರುತ್ತದಲ್ಲ, ಮೂರನೇ ತರಗತಿಯ ಮಕ್ಕಳು ಅದನ್ನೂ ಸೇರಿಸಿ ಇಡುತ್ತಾರೆ. ಪಟ್ಟಿಯ ಆ ತುದಿಯನ್ನು ಕತ್ತರಿಸಿಬಿಡಿ. ಇಲ್ಲವೇ ಬಾಟಲಿಗೇ ಗ್ರಾಫ್ ಹಾಳೆ ಅಂಟಿಸಿ ಮೇಲೆ ಸೆಲ್ಲೋ ಟೇಪ್ ಸುತ್ತಿ.

ಬಾಟಲಿ ಇಡುವ ಜಾಗ ಗೋಡೆಯಿಂದ ಗೋಡೆಯ ಎತ್ತರದ ಎರಡರಷ್ಟು ದೂರ ಇರಬೇಕು, ಮರದಡಿ ಬೇಡ. ಓದುವ ಹೊತ್ತು ದಿನಾ ಒಂದೇ ಇರಲಿ. ಹವಾಮಾನ ಇಲಾಖೆ ಬೆಳಗ್ಗೆ 8:30ಕ್ಕೆ ಓದುತ್ತದೆ, ನಿಮಗೆ ಪ್ರಾರ್ಥನೆಯ ಹೊತ್ತು ಆದೀತು. ಓದಿದ ಮೇಲೆ ಗೆರೆಯವರೆಗೆ ಚೆಲ್ಲಬೇಕು. ಮಳೆ ಬಾರದ ದಿನಗಳಲ್ಲಿ ನೀರು ಆರಿ ಗೆರೆಯಿಂದ ಕೆಳಗಿಳಿದಿದ್ದರೆ ತುಂಬಿ ಸರಿಮಾಡಬೇಕು, ಮರೆಯುವುದು ಇದನ್ನೇ. ಸೋಮವಾರದ ಅಳತೆಯ ಪಕ್ಕ ‘2 ದಿನದ್ದು’ ಎಂದು ಬರೆಸಿ, ಎರಡರಿಂದ ಭಾಗಿಸಿ ಹಂಚಬೇಡಿ. ಇನ್ನೊಂದು ಬಾಟಲಿಯನ್ನು ಅಂಗಳದ ಬೇರೆ ಕಡೆ ಇಡಿ. ಯಾರೋ ಒಬ್ಬ ಪೋರ ನೀರು ಸುರಿದೇ ಸುರಿಯುತ್ತಾನೆ. ಎರಡು ಬಾಟಲಿಗಳ ಅಂಕಿ ತುಂಬಾ ದೂರವಾದ ದಿನ ಎರಡನ್ನೂ ಬಿಟ್ಟುಬಿಡಿ, ಯಾಕೆ ಬಿಟ್ಟೆವು ಅಂತ ಮಕ್ಕಳಿಂದಲೇ ಬರೆಸಿ.

ಪಟ್ಟಿಯನ್ನು ತಿಂಗಳ ಬದಲು ಮಳೆ ನಕ್ಷತ್ರದ ಪ್ರಕಾರ ಮಾಡಿದರೆ ಮನೆಯ ಅಜ್ಜ ಅಜ್ಜಿಯರೂ ಮಾತಿಗೆ ಬರುತ್ತಾರೆ. ಮೃಗಶಿರಾ ಜೂನ್ 7–8ಕ್ಕೆ ಹುಟ್ಟುತ್ತದೆ, ಆರಿದ್ರಾ 21–22ಕ್ಕೆ. ಒಂದೊಂದೂ 13–14 ದಿನ, ಕಂಬ ನಕ್ಷೆಗೆ ಹೇಳಿ ಮಾಡಿಸಿದ ಅಳತೆ. ನಿಮ್ಮ ಕಡೆ ಜೋರು ಮಳೆ ಜೂನ್–ಜುಲೈನದ್ದಲ್ಲ, ಸೆಪ್ಟೆಂಬರ್–ಅಕ್ಟೋಬರ್‌ನದ್ದು. ಉತ್ತರೆ, ಹಸ್ತ, ಚಿತ್ತೆಯ ಕಂಬಗಳು ಎದ್ದು ಕಾಣಬೇಕು. ಅಷ್ಟರಲ್ಲಿ ದಸರಾ ರಜೆ! ಶಾಲೆಯ ಪಕ್ಕದ ಮನೆಯ ನಾಲ್ಕನೇ ತರಗತಿ ಮಗುವಿಗೆ ಬಾಟಲಿ ಮತ್ತು ನೋಟ್‌ಬುಕ್ ಒಪ್ಪಿಸಿ ಹೋಗಿ, ಇಲ್ಲದಿದ್ದರೆ ನಕ್ಷೆಯ ಮುಖ್ಯ ಭಾಗವೇ ಖಾಲಿ ಉಳಿಯುತ್ತದೆ.

ನೆರಳಿಗೆ 50 ಸೆಂ.ಮೀ. ಕೋಲು ಸಾಕು. ಗಾರೆ ತುಂಬಿದ ಹಳೆಯ ಡಬ್ಬಿಯಲ್ಲಿ ನಿಲ್ಲಿಸಿ, ನೆಟ್ಟಗಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ನೋಡಿ. ಕೋಲಿನ ಉದ್ದವನ್ನು ನೆರಳು ಬೀಳುವ ನೆಲದಿಂದ ಲೆಕ್ಕಹಾಕಬೇಕು, ಡಬ್ಬಿಯ ಮೇಲಿನಿಂದಲ್ಲ. ತಿಂಗಳಿಗೆ ಒಂದು ದಿನ ಮಧ್ಯಾಹ್ನ ಊಟಕ್ಕೆ ಮೊದಲು ಅಳೆಯಿರಿ. ಸರಿಯಾಗಿ 12ಕ್ಕೆ ಅಳೆದರೆ ತಪ್ಪಾಗುತ್ತದೆ. ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ನೀವು ಅದಕ್ಕಿಂತ ಪಶ್ಚಿಮಕ್ಕಿದ್ದೀರಿ. ನಿಮ್ಮಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಆಗಸ್ಟ್‌ನಲ್ಲಿ ಸುಮಾರು 12:25ಕ್ಕೆ, ನವೆಂಬರ್ ಆರಂಭದಲ್ಲಿ 12:05ಕ್ಕೆ, ಫೆಬ್ರವರಿಯಲ್ಲಿ 12:35ಕ್ಕೆ. ಇದನ್ನು ಮಕ್ಕಳಿಗೆ ವಿವರಿಸಬೇಕಿಲ್ಲ. 12ರಿಂದ 12:40ರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಟ್ಟು, ಎಲ್ಲಕ್ಕಿಂತ ಗಿಡ್ಡದ್ದನ್ನು ಆರಿಸಿದರಾಯಿತು.

ಈ ಕೆಲಸದ ರುಚಿ ಇರುವುದು ಅಂಕಿಗಳಲ್ಲಿ. ಜೂನ್ 21ರ ಆಸುಪಾಸು ನೆರಳು ಬರೀ 9–10 ಸೆಂ.ಮೀ., ಅದೂ ದಕ್ಷಿಣಕ್ಕೆ. ಡಿಸೆಂಬರ್ 21ಕ್ಕೆ 36 ಸೆಂ.ಮೀ., ಉತ್ತರಕ್ಕೆ. ನಡುವೆ ಆಗಸ್ಟ್ 19ರ ಹೊತ್ತಿಗೆ ನೆರಳೇ ಇರುವುದಿಲ್ಲ, ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದು. ಏಪ್ರಿಲ್ 23ರ ಸುಮಾರಿಗೂ ಬರುತ್ತದೆ, ಆದರೆ ಆಗ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಮೋಡದ ಕಾಟ ನಿಜ. ಆದರೂ ಮೂರು ದಿನ ಆಚೀಚೆಯಾದರೆ 50 ಸೆಂ.ಮೀ. ಕೋಲಿನ ನೆರಳು ಒಂದು ಸೆಂ.ಮೀ. ಕೂಡ ಆಗುವುದಿಲ್ಲ. 16ರಿಂದ 22ರೊಳಗೆ ಬಿಸಿಲು ಬಿದ್ದ ಯಾವುದೇ ಮಧ್ಯಾಹ್ನ ಹೊರಗೆ ಓಡಿ. ‘ಸೂರ್ಯ ದಿನಾ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ’ ಎಂದು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ನಿಮ್ಮ ಊರಿನಲ್ಲಿ ಹಾಗಾಗುವುದು ವರ್ಷಕ್ಕೆ ಎರಡೇ ದಿನ. ಬೇರೆ ಜಿಲ್ಲೆಯವರು ಓದುತ್ತಿದ್ದರೆ: ಬೆಂಗಳೂರು, ಮಂಗಳೂರಿಗೆ ಆಗಸ್ಟ್ 18, ಹುಬ್ಬಳ್ಳಿಗೆ 10–11, ಕಲಬುರಗಿಗೆ 3–4ರ ಸುಮಾರು.

ಬೀಜದ ಪಾಠ ಜುಲೈಗಿರಲಿ. ಅಲಸಂದೆ ಒಳ್ಳೆಯದು, ಕಾಳು ದಪ್ಪ, ಬೇಗ ಮೊಳೆಯುತ್ತದೆ. ಅಂಗಡಿಯಿಂದ ತಂದ ಕಾಳಿನಲ್ಲಿ ಹತ್ತನ್ನು ಮೊದಲು ಮನೆಯಲ್ಲೇ ನೆನೆಸಿ ನೋಡಿ, ಏಳಾದರೂ ಮೊಳೆಯದಿದ್ದರೆ ಬೇರೆ ತನ್ನಿ. ಗಾಜಿನ ಲೋಟದ ಒಳಸುತ್ತಿಗೆ ಪತ್ರಿಕೆ ಸುರುಳಿ ಕೂರಿಸಿ, ಗಾಜಿಗೂ ಕಾಗದಕ್ಕೂ ನಡುವೆ ರಾತ್ರಿ ನೆನೆಸಿದ ಕಾಳು ಸಿಕ್ಕಿಸಿ, ತಳದಲ್ಲಿ ಎರಡು ಸೆಂ.ಮೀ. ನೀರು ಬಿಡಿ. ನೀರು ಕಾಳಿಗೆ ಮುಟ್ಟಬಾರದು, ಕಾಗದ ಹೀರಿ ಕೊಡುವಷ್ಟೇ ಸಾಕು. ಮಕ್ಕಳು ಪ್ರೀತಿಯಿಂದ ದಿನಾ ನೀರು ಹಾಕಿ ಕೊಳೆಸುತ್ತಾರೆ, ವಾಸನೆ ಬಂದರೆ ಕಾರಣ ಅದೇ.

‘ಗಿಡಕ್ಕೆ ಬೆಳಕು ಬೇಕು’ ಎಂದು ತೋರಿಸಲು ಒಂದು ಲೋಟವನ್ನು ಬೀರುವಿನಲ್ಲಿಟ್ಟರೆ ಐದನೇ ದಿನ ನಿಮ್ಮ ಮಾತೇ ಸುಳ್ಳಾಗುತ್ತದೆ. ಕತ್ತಲಲ್ಲಿಟ್ಟದ್ದೇ ಉದ್ದ ಬೆಳೆದಿರುತ್ತದೆ. ಬೆಳಕು ಹುಡುಕಿಕೊಂಡು ಕಾಂಡ ಸೊರಗಿ ಉದ್ದವಾಗುತ್ತದೆ, ಊಟ ಬೀಜದ ಬೇಳೆಯಿಂದಲೇ ಸಿಗುತ್ತಿರುತ್ತದೆ. ಎತ್ತರವೊಂದನ್ನೇ ಅಳೆಸಿದರೆ ಮಕ್ಕಳು ಕತ್ತಲೇ ಒಳ್ಳೆಯದು ಎಂದು ಬರೆಯುತ್ತಾರೆ, ಅವರ ಕಡೆಯಿಂದ ಅದು ಸರಿಯೇ. ಎಲೆಯ ಬಣ್ಣ, ಕಾಂಡದ ದಪ್ಪವನ್ನೂ ಬರೆಸಿ. ಎರಡು ವಾರ ಕಾಯಿರಿ, ಬೇಳೆ ಮುದುಡಿ ಉದುರಿದ ಮೇಲೆ ಕತ್ತಲಿನದ್ದು ಮಲಗುತ್ತದೆ.

ನಿಮ್ಮದು ರೇಷ್ಮೆ ಸೀಮೆ, ಜೀವಚಕ್ರಕ್ಕೆ ಕಪ್ಪೆಯ ಚಿತ್ರ ಯಾಕೆ? ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗೆ ಇದಕ್ಕೆ ಬಿಡಿ. ಎರಡನೇ ಜ್ವರ ಎದ್ದ (ಎರಡನೇ ಸಲ ಪೊರೆ ಕಳಚಿದ) 20 ರೇಷ್ಮೆ ಹುಳುಗಳನ್ನು ಹತ್ತಿರದ ರೈತರಲ್ಲಿ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಅಲ್ಲಿಂದ ಗೂಡು ಕಟ್ಟಲು ಸುಮಾರು ಎರಡೂವರೆ ವಾರ. ಮೊರದಲ್ಲಿ ಹಾಳೆ ಹಾಸಿ, ಮೊರವನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಇರುವೆ ಮುಗಿಸುತ್ತದೆ. ಶಾಲೆಗೆ ಬಂದ ಕೂಡಲೇ, ಊಟವಾದ ಮೇಲೆ, ಮನೆಗೆ ಹೊರಡುವಾಗ ಹಿಪ್ಪುನೇರಳೆ ಸೊಪ್ಪು ಹಾಕಿ, ಸಂಜೆಯದು ಸ್ವಲ್ಪ ಜಾಸ್ತಿ ಇರಲಿ. ಒದ್ದೆ ಸೊಪ್ಪು ಬೇಡ, ಔಷಧಿ ಹೊಡೆದ ತೋಟದ್ದಂತೂ ಬೇಡವೇ ಬೇಡ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಹಚ್ಚಬಾರದು. ಕೊನೆಯ ಹಂತದಲ್ಲೇ ಒಟ್ಟು ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚು ತಿನ್ನುತ್ತವೆ, ಆ ವಾರದ ಭಾನುವಾರ ಯಾರ ಮನೆಗೆ ಮೊರ ಹೋಗುತ್ತದೆ ಎಂದು ಮೊದಲೇ ನಿಗದಿ ಮಾಡಿ.

ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಒಂದು ದಿನದಷ್ಟು ಅಲುಗಾಡದೆ ಇರುತ್ತದೆ. ಸತ್ತಿದೆ ಎಂದು ಮಕ್ಕಳು ಕಡ್ಡಿಯಿಂದ ತಿವಿಯುತ್ತಾರೆ. ಆ ದಿನ ಸೊಪ್ಪೂ ಬೇಡ, ಮುಟ್ಟುವುದೂ ಬೇಡ. ಮರುದಿನ ಕಳಚಿದ ಪೊರೆಯನ್ನು ಭೂತಗನ್ನಡಿಯಲ್ಲಿ ನೋಡಿಸಿ. ಈ ಪಾಠಕ್ಕೆ ಹುಳು ಸಾಕುವ ಮನೆಯ ಮಗುವೇ ಮೇಷ್ಟ್ರಾಗಲಿ: ಚಾಕಿ (ಎಳೆ ಹುಳು), ಜ್ವರ, ಹಣ್ಣು ಹುಳು (ಗೂಡು ಕಟ್ಟಲು ಸಿದ್ಧವಾದದ್ದು), ಚಂದ್ರಿಕೆ (ಗೂಡು ಕಟ್ಟಲು ಹುಳು ಬಿಡುವ ತಟ್ಟೆ), ಎಲ್ಲ ಮಾತೂ ಅದರ ಬಾಯಲ್ಲೇ ಇರುತ್ತವೆ. ನಾಲ್ಕೈದು ಗೂಡುಗಳನ್ನು ಉಳಿಸಿಕೊಂಡರೆ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ಹೊರಬರುತ್ತದೆ. ಅದು ಊಟ ಮಾಡುವುದಿಲ್ಲ, ಹಾರುವುದೂ ಇಲ್ಲ, ಮೊಟ್ಟೆ ಮಾತ್ರ ನೂರಾರು ಇಡುತ್ತದೆ. ಆ ಮೊಟ್ಟೆಗಳಿಗೆ ರೋಗ ಪರೀಕ್ಷೆ ಆಗಿರುವುದಿಲ್ಲ, ರೈತರ ಮನೆಗೆ ಹೋಗಬಾರದು. ನೋಡಿ ಆದ ಮೇಲೆ ಸುಟ್ಟುಬಿಡಿ. ಉಳಿದ ಗೂಡುಗಳನ್ನು ಏನು ಮಾಡುತ್ತಾರೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕುದಿಸುತ್ತಾರೆ ಎಂದು ನೇರವಾಗಿ ಹೇಳಿ, ಅರ್ಧ ತರಗತಿಗೆ ಅದು ಗೊತ್ತೇ ಇರುತ್ತದೆ.

ರೇಷ್ಮೆ ಇಲ್ಲದ ಊರಿನವರು ಕರಿಬೇವು, ನಿಂಬೆ ಗಿಡ ನೋಡಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳು ಸಿಕ್ಕರೆ ಅದೇ ಗಿಡದ ಎಲೆ ಹಾಕಿ ಸಾಕಿ.

ಚಂದ್ರನಿಗೆ ಜನವರಿ. ರಾತ್ರಿ ನೋಡಿಬನ್ನಿ ಎಂದರೆ ಅರ್ಧ ಮಕ್ಕಳು ನೋಡದೇ ಬರೆಯುತ್ತಾರೆ. ಅದರ ಬದಲು ಹುಣ್ಣಿಮೆ ಕಳೆದು ನಾಲ್ಕರಿಂದ ಎಂಟನೇ ದಿನದವರೆಗೆ ಪ್ರಾರ್ಥನೆಯ ಹೊತ್ತಿಗೆ ಪಶ್ಚಿಮಕ್ಕೆ ತಿರುಗಿ ನಿಲ್ಲಿಸಿ, ಹಗಲಲ್ಲೇ ಚಂದ್ರ ಕಾಣುತ್ತಾನೆ, ದಿನದಿನಕ್ಕೆ ಸವೆಯುತ್ತಾನೆ. ಭಾದ್ರಪದದಲ್ಲಿ ಇಡಬೇಡಿ, ಚೌತಿಯ ಚಂದ್ರನನ್ನು ತೋರಿಸಿದಿರಿ ಎಂದು ಮನೆಯವರ ಮಾತು ಕೇಳಬೇಕಾದೀತು.

ಹೊರಗೆ ಹೋಗಲಾಗದ ದಿನಗಳಿಗೆ ಒಂದು ಡಬ್ಬಿ ಸಿದ್ಧವಿರಲಿ. ಹಳೆಯ ಸ್ಪೀಕರ್‌ನ ಅಯಸ್ಕಾಂತ, ಮೊಳೆ, ಹಿತ್ತಾಳೆ ಬೀಗ, ಅಲ್ಯೂಮಿನಿಯಂ ಚಮಚ, ಈಗಿನ ಒಂದು ಎರಡು ರೂಪಾಯಿ ನಾಣ್ಯ (ಅಂಟುತ್ತವೆ), ಹಿತ್ತಾಳೆ ಬಣ್ಣದ ಐದರ ನಾಣ್ಯ (ಅಂಟುವುದಿಲ್ಲ). ‘ಲೋಹವೆಲ್ಲ ಅಂಟುತ್ತದೆ’ ಎಂಬ ಊಹೆ ಅಲ್ಲಿಗೆ ಬಿದ್ದುಹೋಗುತ್ತದೆ. ಆಟಿಕೆಗಳ ಗುಂಡಿಯಂಥ ಪುಟ್ಟ ಬಲವಾದ ಅಯಸ್ಕಾಂತ ತರಬೇಡಿ, ಎರಡು ನುಂಗಿದರೆ ಕರುಳಿನ ಗೋಡೆ ಹಿಡಿದು ತೂತು ಮಾಡುತ್ತವೆ.

ಬರವಣಿಗೆಗೆ ಉದ್ದೇಶ, ಸಾಮಗ್ರಿ, ವಿಧಾನ ಎಂಬ ತಲೆಬರಹಗಳು ಈ ವಯಸ್ಸಿಗೆ ಭಾರ. ಮಾಡುವ ಮೊದಲು ಊಹೆ ಒಂದು ಸಾಲು, ಆಮೇಲೆ ಒಂದು ಚಿತ್ರ, ಒಂದು ಅಂಕಿ, ಒಂದು ವಾಕ್ಯ. ಮೊದಲ ಊಹೆಯನ್ನು ಅಳಿಸಲು ಬಿಡಬೇಡಿ. ಎಫ್‌ಎ ದಾಖಲೆಗೆ ಈ ಹಾಳೆಗಳೇ ಸಾಕು.

ಮಾರ್ಚ್‌ಗೆ ಉಳಿಸಿಕೊಳ್ಳಬೇಕಾದದ್ದು ಮಡಕೆ. ಮಡಕೆಯಲ್ಲೂ ಸ್ಟೀಲ್ ಪಾತ್ರೆಯಲ್ಲೂ ಒಂದೇ ಬಿಂದಿಗೆಯ ನೀರು ಸಮಸಮ ತುಂಬಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟು, ಮೂರು ಗಂಟೆ ಬಿಟ್ಟು ಕೈಯದ್ದಿ ನೋಡಿಸಿ. ಹೊಸ ಮಡಕೆಯಾದರೆ ಹಿಂದಿನ ದಿನವೇ ನೆನೆಸಿಟ್ಟಿರಬೇಕು. ಬಣ್ಣ ಬಳಿದ ಮಡಕೆ ಬೆವರುವುದಿಲ್ಲ, ಹಾಗಾಗಿ ತಣ್ಣಗೂ ಆಗುವುದಿಲ್ಲ. ಇದನ್ನೇ ಆಗಸ್ಟ್‌ನಲ್ಲಿ ಮಾಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಗಾಳಿಯಲ್ಲೇ ತೇವ ತುಂಬಿರುವಾಗ ಮಡಕೆಯ ಮೈಯ ನೀರು ಆರುವುದಾದರೂ ಹೇಗೆ.