ದಿನಾ ಸೊಂಟದಲ್ಲಿಟ್ಟುಕೊಳ್ಳೋಕೆ ಕೈಕೊಡದ ಪಿಸ್ತೂಲ್ ಯಾವುದು?

ನಿಮ್ಮ ಪ್ರಶ್ನೆ ಇಷ್ಟು: ಲೈಸೆನ್ಸ್ ಬಂದಿದೆ, ಜೊತೆಗಿಟ್ಟುಕೊಂಡು ಓಡಾಡೋಕೆ ಅನುಮತಿಯೂ ಇದೆ, ನಂಬಿಕಸ್ಥ ಪಿಸ್ತೂಲ್ ಯಾವುದು, ಆದಷ್ಟು ಚಿಕ್ಕದನ್ನೇ ತಗೊಳ್ಳಲಾ, ಇಲ್ಲ ತಿರುಗುವ ಸಿಲಿಂಡರಿನಲ್ಲಿ ತೋಟಾ ತುಂಬುವ ರಿವಾಲ್ವರ್ ಸಾಕಾ? ಹೆಸರುಗಳನ್ನ ಕೆಳಗೆ ಹೇಳ್ತೀನಿ. ಅದಕ್ಕೂ ಮೊದಲು, ಹದಿನಾಲ್ಕು ವರ್ಷ ಪಿಸ್ತೂಲ್ ಕಟ್ಟಿಕೊಂಡು ಓಡಾಡಿದ ಮೇಲೆ ನನಗೆ ಮನದಟ್ಟಾದ ಮಾತು ಕೇಳಿ. ಪಿಸ್ತೂಲು, ತೋಟಾ ತುಂಬುವ ಡಬ್ಬಿಯಾದ ಮ್ಯಾಗಜೀನು, ತೋಟಾ, ಸೊಂಟದಲ್ಲಿ ಪಿಸ್ತೂಲು ಇಡುವ ಹೋಲ್‌ಸ್ಟರು, ನಿಮ್ಮ ಹಿಡಿತ, ಇವೈದೂ ಒಂದಕ್ಕೊಂದು ಹೊಂದಿಕೊಂಡರೆ ಮಾತ್ರ ಅದು ನಂಬಿಕಸ್ಥ. ಹೊಂದಿಕೊಂಡಿವೆಯಾ ಇಲ್ಲವಾ ಅನ್ನೋದು ನಿಮ್ಮ ಕೈಯಲ್ಲಿ ಹೊಡೆದು ನೋಡಿದಾಗಲೇ ಗೊತ್ತಾಗೋದು.

ನಾನು ಮೊದಲು ಕೊಂಡದ್ದು ಅಂಗೈಯಲ್ಲೇ ಮುಚ್ಚಿಹೋಗುವಂಥ ಪುಟ್ಟ ಪಿಸ್ತೂಲು. ಕೈಗೆತ್ತಿಕೊಂಡಾಗ ಹೂವಿನಷ್ಟು ಹಗುರ ಅನ್ನಿಸಿತ್ತು. ಅಭ್ಯಾಸಕ್ಕೆ ಗುಂಡು ಹೊಡೆಯುವ ರೇಂಜಿನಲ್ಲಿ ಐದನೇ ಗುಂಡಿಗೆ ನಿಂತುಹೋಯ್ತು. ನೋಡಿದರೆ, ಹಾರಿ ಹೊರಗೆ ಬೀಳಬೇಕಿದ್ದ ಖಾಲಿ ತೋಟಾ ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲಿನ ಕವಚದ) ಕಿಂಡಿಯಲ್ಲಿ ಸಿಕ್ಕಿಕೊಂಡು, ಹಿತ್ತಾಳೆ ಮೊಳೆ ಬಡಿದ ಹಾಗೆ ನೆಟ್ಟಗೆ ನಿಂತಿತ್ತು. ಆ ದಿನ ಐವತ್ತು ಗುಂಡಿಗೆ ನಾಲ್ಕು ಸಲ ಹೀಗಾಯ್ತು. ಕಲಿಸುತ್ತಿದ್ದವರು ಅದೇ ಪಿಸ್ತೂಲು, ಅದೇ ಡಬ್ಬಿಯ ತೋಟಾ ತಗೊಂಡು ಎರಡು ಮ್ಯಾಗಜೀನ್ ಒಂದೇ ಸಮ ಹೊಡೆದರು. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಆಮೇಲೆ ನನ್ನ ಮಣಿಕಟ್ಟು ಹಿಡಿದು ಅಲುಗಾಡಿಸಿ, "ಇದು ಸಡಿಲ ಬಿಡ್ತಾ ಇದೆ ನೋಡಿ" ಅಂದರು.

ಗುಂಡು ಮುಂದೆ ಹಾರಿದಾಗ ಬರುವ ಹಿಂದೊದೆತದಿಂದಲೇ ಸ್ಲೈಡ್ ಹಿಂದೆ ಸರಿಯುತ್ತೆ, ಖಾಲಿ ತೋಟಾ ಕಿತ್ತೆಸೆಯುತ್ತೆ, ಸ್ಪ್ರಿಂಗಿನ ಬಲದಿಂದ ಮುಂದೆ ಬಂದು ಹೊಸ ತೋಟಾವನ್ನ ನಳಿಕೆಗೆ ಕೂರಿಸುತ್ತೆ. ಹಿಡಿ ಗಟ್ಟಿಯಾಗಿ ನಿಂತಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುತ್ತೆ. ಮಣಿಕಟ್ಟೂ ಅದರ ಜೊತೆ ಹಿಂದೆ ಬಾಗಿದರೆ ಆ ಬಲ ಅಲ್ಲೇ ಸೋರಿಹೋಗುತ್ತೆ, ಸ್ಲೈಡ್ ಅರ್ಧ ದಾರಿಯಲ್ಲೇ ವಾಪಸು ಬರುತ್ತೆ. ಚಿಕ್ಕ ಪಿಸ್ತೂಲಿನಲ್ಲಿ ಸ್ಲೈಡ್ ಓಡುವ ದೂರವೇ ಕಡಿಮೆ, ಸ್ಪ್ರಿಂಗ್ ಬಿಗಿ, ಕಿರುಬೆರಳಿಗೆ ಜಾಗವೇ ಇರಲ್ಲ. ದೊಡ್ಡದು ಕ್ಷಮಿಸುವ ತಪ್ಪನ್ನ ಚಿಕ್ಕದು ಕ್ಷಮಿಸಲ್ಲ. ಅದಕ್ಕೇ ಮೊದಲ ಪಿಸ್ತೂಲಾಗಿ ತೀರಾ ಪುಟ್ಟದ್ದನ್ನ ಯಾರಿಗೂ ನಾನು ಹೇಳಲ್ಲ. ಹೊಡೆದಾಗ ಅಂಗೈ ಉರಿಯುತ್ತೆ, ಉರಿದರೆ ಅಭ್ಯಾಸ ತಪ್ಪಿಸ್ತೀರಿ.

ಮಧ್ಯಮ ಗಾತ್ರದ್ದನ್ನೇ ನೋಡಿ. ಹೆಸರು ಬೇಕೇಬೇಕು ಅಂದರೆ, ಗ್ಲಾಕ್ 19. ಆಸ್ಟ್ರಿಯಾದ ಸೇನೆ 1982ರಲ್ಲಿ ಒಪ್ಪಿಕೊಂಡ ಗ್ಲಾಕ್ 17ರ ತಮ್ಮ ಇದು, 1988ರಲ್ಲಿ ಬಂತು. ನಳಿಕೆ 102 ಮಿಲಿಮೀಟರ್, ಮ್ಯಾಗಜೀನಿನಲ್ಲಿ 15 ತೋಟಾ, ತುಂಬಿದಾಗ ತೂಕ ಸುಮಾರು 850 ಗ್ರಾಂ. ಅಂದವಿಲ್ಲ, ನಿಜ. ಆದರೆ ಬಿಚ್ಚಿದರೆ ಬಿಡಿಭಾಗ ಕಡಿಮೆ, ಮ್ಯಾಗಜೀನೂ ಹೋಲ್‌ಸ್ಟರೂ ಸುಲಭವಾಗಿ ಸಿಗುತ್ತವೆ. ನಿಮ್ಮ ಮೈಕಟ್ಟಿಗೆ, ಉಡುಪಿಗೆ ಅದು ದಪ್ಪ ಅನ್ನಿಸಿದರೆ 2018ರಲ್ಲಿ ಬಂದ ಸಿಗ್ ಪಿ365 ನೋಡಬಹುದು: ತೆಳ್ಳಗೆ, ನಳಿಕೆ 79 ಮಿಲಿಮೀಟರ್, ಆದರೂ ಮ್ಯಾಗಜೀನಿಗೆ 10 ತೋಟಾ. ಎರಡನ್ನೂ ಬಾಡಿಗೆಗೋ ಗೆಳೆಯರಿಂದಲೋ ಪಡೆದು ರೇಂಜಿನಲ್ಲೇ ಹೊಡೆದು ನೋಡಿ ಆಮೇಲೆ ದುಡ್ಡು ಕೊಡಿ. ಬೆರಳು ಟ್ರಿಗರಿಗೆ ನೇರವಾಗಿ ತಲುಪಬೇಕು, ಹೊಡೆದ ಮೇಲೆ ಗುರಿ ತಾನಾಗಿ ಕಣ್ಣಿಗೆ ವಾಪಸು ಬರಬೇಕು.

ಕ್ಯಾಲಿಬರ್, ಅಂದರೆ ಗುಂಡಿನ ದಪ್ಪದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮಲ್ಲಿ ಕಾನೂನು ಒಪ್ಪಿದರೆ 9 ಎಂಎಂ ಪ್ಯಾರಾಬೆಲ್ಲಮ್ ಸಾಕು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 1986ರ ಮಯಾಮಿ ಗುಂಡಿನ ಕಾಳಗದ ನಂತರ ದೊಡ್ಡ ತೋಟಾಗಳ ಕಡೆ ಹೋಗಿ, 2010ರ ದಶಕದಲ್ಲಿ ಮತ್ತೆ 9 ಎಂಎಂಗೇ ಮರಳಿತು. ಒದೆತ ಕಡಿಮೆ, ಗುರಿ ಬೇಗ ಸಿಗುತ್ತೆ, ತೋಟಾ ಹೆಚ್ಚು ಹಿಡಿಯುತ್ತೆ.

ಇನ್ನು ಪರೀಕ್ಷೆ. ಕೊಂಡ ದಿನವೇ ಸೊಂಟಕ್ಕೆ ಸಿಕ್ಕಿಸಬೇಡಿ, ದಯವಿಟ್ಟು. ನಾನು ಪಾಲಿಸುವ ಲೆಕ್ಕ: ಸಾಧಾರಣ ತೋಟಾ 500, ದಿನಾ ಇಟ್ಟುಕೊಳ್ಳುವ ತೋಟಾ 200. ಎರಡನೆಯದು ಖರ್ಚಿನ ಬಾಬತ್ತು, ಆದರೂ ಬಿಡಬೇಡಿ. ಅದರ ಟೊಳ್ಳು ಮೂತಿಯ ಗುಂಡು ದುಂಡು ಮೂತಿಯದರ ಹಾಗೆ ಜಾರಿಕೊಂಡು ನಳಿಕೆಯೊಳಗೆ ಹೋಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಎರಡು ಕೈಯಲ್ಲಿ, ಬಲಗೈ ಒಂದರಲ್ಲಿ, ಎಡಗೈ ಒಂದರಲ್ಲಿ ಹೊಡೆಯಿರಿ. ಕೊನೆಯ 200ರಲ್ಲಿ ಒಂದು ಸಿಕ್ಕಿಕೊಂಡರೂ ಕಾರಣ ಹುಡುಕಿ, ಸರಿಮಾಡಿ, ಎಣಿಕೆ ಸೊನ್ನೆಯಿಂದ ಶುರುಮಾಡಿ.

ಕಾರಣ ಹುಡುಕುವಾಗ ಮೊದಲು ಮ್ಯಾಗಜೀನ್ ನೋಡಿ. ನಾನು ಕಂಡ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ತಗಡಿನ ಡಬ್ಬಿಯಿಂದಲೇ ಬಂದವು. ತೋಟಾ ಹಿಡಿದಿಡುವ ಮೇಲಿನ ಎರಡು ತುಟಿ ಕೂದಲೆಳೆಯಷ್ಟು ಅಗಲಿಸಿದರೂ ತೋಟಾ ಮೂತಿ ಎತ್ತಿಕೊಂಡು ಬರುತ್ತೆ. ನನ್ನ ಪ್ರತಿ ಮ್ಯಾಗಜೀನಿನ ತಳಕ್ಕೂ ಬಿಳಿ ಬಣ್ಣದಲ್ಲಿ 1, 2, 3 ಅಂತ ಬರೆದಿದ್ದೀನಿ. ಒಮ್ಮೆ ಮೂರು ವಾರ ಪಿಸ್ತೂಲನ್ನೇ ಬೈದುಕೊಂಡಿದ್ದೆ. ಬರೆದಿಟ್ಟಿದ್ದ ಚೀಟಿ ತೆಗೆದು ನೋಡಿದರೆ ಸಿಕ್ಕಿಕೊಂಡಿದ್ದೆಲ್ಲ 3ನೇ ನಂಬರಿನದೇ. ಅದನ್ನ ಬಿಸಾಕಿದೆ, ಪಿಸ್ತೂಲ್ ಇವತ್ತಿಗೂ ಚೆನ್ನಾಗಿದೆ.

ತೋಟಾದ ಬಗ್ಗೆ ಬಹಳ ಜನ ಗಮನಿಸದ ಸಂಗತಿ ಇನ್ನೊಂದಿದೆ. ರಾತ್ರಿ ಖಾಲಿ ಮಾಡೋದು, ಬೆಳಗ್ಗೆ ಅದೇ ತೋಟಾವನ್ನ ಮತ್ತೆ ನಳಿಕೆಗೆ ಏರಿಸೋದು, ಹೀಗೆ ದಿನಾ ಮಾಡಿದರೆ ಪ್ರತಿ ಸಲ ಗುಂಡಿನ ಮೂತಿ ಬಡಿದು ಬಡಿದು ಗುಂಡು ಹಿತ್ತಾಳೆ ಕೊಳವೆಯೊಳಗೆ ಕುಸಿಯುತ್ತಾ ಹೋಗಬಹುದು. ನನ್ನದೊಂದನ್ನ ಹೊಸ ತೋಟಾದ ಪಕ್ಕ ಮೇಜಿನ ಮೇಲೆ ನಿಲ್ಲಿಸಿ ನೋಡಿದೆ. ಬರಿಗಣ್ಣಿಗೇ ಗಿಡ್ಡ ಕಾಣ್ತಿತ್ತು. ಒಳಗಿನ ಜಾಗ ಕಡಿಮೆಯಾದರೆ ಹೊಡೆದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಅಂಥದ್ದನ್ನ ಹೊಡೆಯಲೇಬೇಡಿ, ಬೇರೆ ಇಡಿ.

ಹೋಲ್‌ಸ್ಟರಿಗೆ ಪಿಸ್ತೂಲಿನಷ್ಟೇ ಯೋಚನೆ ಮಾಡಿ. ಗ್ಲಾಕಿನಂಥವಕ್ಕೆ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ ಇರಲ್ಲ. ಟ್ರಿಗರ್ ಒತ್ತಿದರೆ ಗುಂಡು ಹಾರುತ್ತೆ, ಒತ್ತಿದ್ದು ಬೆರಳಾದರೂ ಬಟ್ಟೆಯ ಚುಂಗಾದರೂ ಅದಕ್ಕೆ ಒಂದೇ. ಹಾಗಾಗಿ ಟ್ರಿಗರಿನ ಸುತ್ತಲಿನ ಬಳೆಯನ್ನ ಪೂರ್ತಿ ಮುಚ್ಚುವ, ಗಟ್ಟಿಯಾದ, ಆ ಮಾದರಿಗೇ ಮಾಡಿದ ಹೋಲ್‌ಸ್ಟರ್ ಬೇಕು. ಹಳೆಯ ಚರ್ಮದ್ದು ಮೆತ್ತಗಾಗಿ ಬಾಯಿ ಒಳಮಡಚಿ ಟ್ರಿಗರಿಗೆ ತಾಗಿರೋದನ್ನ ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ, ಆ ಮಡಿಕೆ ನೋಡಿ ಬೆನ್ನು ತಣ್ಣಗಾಯ್ತು. ವಾಪಸು ಇಡುವಾಗ ಅವಸರ ಬೇಡ, ಅಂಗಿಯ ಅಂಚು ಎತ್ತಿ, ಕಣ್ಣಿಂದ ನೋಡಿಕೊಂಡೇ ಇಡಿ. ಗಟ್ಟಿ ಬೆಲ್ಟ್ ಇಲ್ಲದಿದ್ದರೆ ಸಂಜೆಯೊಳಗೆ ಸೊಂಟ ನೋಯುತ್ತೆ.

ರಿವಾಲ್ವರ್ ಕೇಳಿದ್ದೀರಿ. ಮಣಿಕಟ್ಟು ಸಡಿಲ ಬಿಟ್ಟರೂ ಅದು ನಡೆಯುತ್ತೆ, ಅದು ದೊಡ್ಡ ಗುಣ. ಆದರೆ ಪುಟ್ಟ ರಿವಾಲ್ವರಿನಲ್ಲಿ ಸಾಮಾನ್ಯವಾಗಿ 5 ತೋಟಾ, ಟ್ರಿಗರ್ ಭಾರ, ಚಿಕ್ಕ ನಳಿಕೆ, ಹಾಗಾಗಿ ಗುರಿ ಹಿಡಿಯೋಕೆ ಹೆಚ್ಚು ಅಭ್ಯಾಸ ಬೇಕು. ತೀರಾ ಹಗುರವಾದವುಗಳಲ್ಲಿ ಒದೆತಕ್ಕೆ ಪಕ್ಕದ ತೋಟಾದ ಗುಂಡು ಮುಂದೆ ಜಾರಿ ಸಿಲಿಂಡರೇ ತಿರುಗದೆ ನಿಲ್ಲೋದೂ ಉಂಟು. ಪಿಸ್ತೂಲ್ ಸಿಕ್ಕಿಕೊಂಡರೆ ಮ್ಯಾಗಜೀನ್ ತಳಕ್ಕೆ ಬಡಿದು ಸ್ಲೈಡ್ ಎಳೆದರೆ ಹೆಚ್ಚಿನ ಸಲ ಎರಡು ಸೆಕೆಂಡಿನಲ್ಲಿ ಸರಿಹೋಗುತ್ತೆ, ಸಿಲಿಂಡರ್ ಹಾಗೆ ಬಿಗಿದುಕೊಂಡರೆ ಅಂಥ ಸುಲಭದ ದಾರಿ ಇಲ್ಲ. ಸ್ಲೈಡ್ ಎಳೆಯುವಷ್ಟು ಬೆರಳಲ್ಲಿ ಬಲವಿಲ್ಲದವರಿಗೆ ನಾನು ರಿವಾಲ್ವರನ್ನೇ ಹೇಳ್ತೀನಿ.

ತಗೊಂಡ ಮೇಲೆ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಮೈಗೆ ಅಂಟಿಕೊಂಡಿರುವ ಪಿಸ್ತೂಲಿಗೆ ಬೆವರು ಇಳಿಯುತ್ತೆ, ನೂಲಿನ ಧೂಳು ಎಣ್ಣೆಗೆ ಅಂಟಿ ಮುದ್ದೆಯಾಗುತ್ತೆ. ಎಣ್ಣೆ ಸ್ಲೈಡ್ ಉಜ್ಜುವ ಕಡೆ ಒಂದೊಂದು ಹನಿ ಸಾಕು. ಬಿಚ್ಚುವ ಮುಂಚೆ ಮ್ಯಾಗಜೀನ್ ತೆಗೆದು, ಆಮೇಲೆ ಸ್ಲೈಡ್ ಎಳೆದು, ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿಗೆ ಕಿರುಬೆರಳು ಹಾಕಿ ಖಾಲಿ ಅಂತ ಮುಟ್ಟಿ ನೋಡಿ. ಈ ಕ್ರಮ ತಿರುಗುಮುರುಗಾದರೆ ಮ್ಯಾಗಜೀನಿನಿಂದ ಇನ್ನೊಂದು ತೋಟಾ ಒಳಗೆ ಏರಿರುತ್ತೆ. ಮೈಮೇಲಿಲ್ಲದ ಹೊತ್ತಿನಲ್ಲಿ ಬೀಗದ ಪೆಟ್ಟಿಗೆಯಲ್ಲಿರಲಿ, ಬೀರುವಿನ ಮೇಲೋ ದಿಂಬಿನ ಕೆಳಗೋ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಆ ಪೆಟ್ಟಿಗೆಯನ್ನ ಪಿಸ್ತೂಲಿಗಿಂತ ಮೊದಲು ಕೊಂಡು ತನ್ನಿ.